ಸೌಂಡ್ ಹೋಯಿತೆ? ಫಾರ್ಮ್ಯಾಟ್ ಕೊನೆಗಿರಲಿ

‘ಸೌಂಡೇ ಬತ್ತಿಲ್ಲ ಕನಣ್ಣ’ ಎಂದು ಸಿಪಿಯು ಹೊತ್ತುಕೊಂಡು ಅಂಗಡಿಗೆ ಹೋದರೆ, ಚಾಮರಾಜನಗರವಾಗಲಿ ಗುಂಡ್ಲುಪೇಟೆಯಾಗಲಿ, ‘ವಿಂಡೋಸ್ ಹೋಗಿರಬೇಕು, ಫಾರ್ಮ್ಯಾಟ್ ಹೊಡೆದುಬಿಡೋಣ’ ಎಂಬ ಮಾತು ಕೇಳಿಬರುವುದು ಅಪರೂಪವೇನಲ್ಲ. ಹೊಡೆದರೆ ಕೆಲವೊಮ್ಮೆ ಸೌಂಡ್ ಬರುವುದೂ ಉಂಟು. ಆದರೆ ಜೊತೆಗೆ ಏನೇನು ಹೋಗುತ್ತದೆ ಎಂದು ಮೊದಲೇ ಲೆಕ್ಕ ಹಾಕಬೇಕು. ಡೆಸ್ಕ್‌ಟಾಪಿನ ಮೇಲಿಟ್ಟ ಫೋಟೊಗಳು, ಪ್ರಿಂಟರಿನ ಡ್ರೈವರ್, ಅಂಗಡಿ ಲೆಕ್ಕದ ಟ್ಯಾಲಿ, ಎಲ್ಲಕ್ಕಿಂತ ಮುಖ್ಯವಾಗಿ ಕನ್ನಡ ಟೈಪಿಂಗಿನ ನುಡಿ ಮತ್ತು ಬರಹ. ಯೂನಿಕೋಡ್ ಅಲ್ಲದ ಅವುಗಳ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟ ಅರ್ಜಿ, ಕರಾರು ಪತ್ರ, ಶಾಲೆಯ ಪ್ರಶ್ನೆಪತ್ರಿಕೆಗಳು ಫಾಂಟ್ ಹೋದೊಡನೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತವೆ. ಸೌಂಡ್ ಸರಿಮಾಡಿಸಲು ಹೋಗಿ ಕನ್ನಡ ಕಳೆದುಕೊಂಡು ಬರುವುದೆಂದರೆ ಇದೇ.

ಬಾಳೆ ತೋಟದ ಡ್ರಿಪ್ಪಿನ ಕೊನೆಯಲ್ಲಿ ನೀರು ತೊಟ್ಟಿಕ್ಕದಿದ್ದರೆ ಯಾವ ರೈತನೂ ಹೊಸ ಬೋರ್ ಕೊರೆಸಲು ಹೊರಡುವುದಿಲ್ಲ. ನಡುವಿನ ಗೇಟ್‌ವಾಲ್ವ್ ಹತ್ತಿರ ಹೋಗಿ ಅಲ್ಲಿವರೆಗೆ ನೀರು ಬಂದಿದೆಯೇ ಎಂದು ನೋಡುತ್ತಾನೆ. ಬಂದಿದ್ದರೆ ತೊಂದರೆ ಅಲ್ಲಿಂದಾಚೆ, ಬಂದಿಲ್ಲದಿದ್ದರೆ ಅಲ್ಲಿಂದೀಚೆ. ಕಂಪ್ಯೂಟರಿನ ಸೌಂಡನ್ನು ಹುಡುಕುವ ದಾರಿಯೂ ಅದೇ.

ಸೌಂಡ್ ಬರುವ ದಾರಿ

ಹಾಡಿನ ಫೈಲಿನಲ್ಲಿ ಇರುವುದು ಬರೀ ಅಂಕಿಗಳು. ಸಿಡಿ ಗುಣಮಟ್ಟದ ಹಾಡಾದರೆ ಒಂದು ಸೆಕೆಂಡಿಗೆ, ಎಡಕ್ಕೂ ಬಲಕ್ಕೂ ತಲಾ 44,100 ಅಳತೆಗಳು. ಪ್ಲೇಯರ್ ಅಥವಾ ಬ್ರೌಸರ್ ಆ ಅಂಕಿಗಳನ್ನು ವಿಂಡೋಸ್‌ಗೆ ಕೊಡುತ್ತದೆ. ವಿಂಡೋಸ್ ಎಲ್ಲ ಆ್ಯಪ್‌ಗಳ ಸದ್ದನ್ನೂ ಬೆರೆಸಿ ಡ್ರೈವರ್ ಎಂಬ ತಂತ್ರಾಂಶದ ಕೈಗೆ ಒಪ್ಪಿಸುತ್ತದೆ. ಡ್ರೈವರ್ ಅದನ್ನು ಮದರ್‌ಬೋರ್ಡ್ ಮೇಲಿನ ಪುಟ್ಟ ಚಿಪ್‌ಗೆ ದಾಟಿಸುತ್ತದೆ. ನಮ್ಮ ಮನೆಗಳ ಬಹಳಷ್ಟು ಕಂಪ್ಯೂಟರ್‌ಗಳಲ್ಲಿ ಇದು ತೈವಾನಿನ ರಿಯಲ್‌ಟೆಕ್ ಕಂಪನಿಯದು. ಅಂಕಿ ವಿದ್ಯುತ್ತಿನ ಅಲೆಯಾಗುವುದು ಈ ಚಿಪ್‌ನಲ್ಲಿ. ಆ ಅಲೆ ಸ್ಪೀಕರಿನ ಪಿನ್ನು ಸೇರುವ ತೂತಿನಿಂದ ಹೊರಬಿದ್ದು, ವೈರಿನಲ್ಲಿ ಹರಿದು, ಸ್ಪೀಕರಿನ ಆಂಪ್ಲಿಫೈಯರ್‌ನಲ್ಲಿ ಬಲ ಪಡೆದು, ಕೊನೆಗೆ ಸದ್ದು ಹೊಮ್ಮಿಸುವ ಕೋನನ್ನು ಅಲುಗಿಸುತ್ತದೆ. ಇದರಲ್ಲಿ ಯಾವ ಕೊಂಡಿ ಕಳಚಿದರೂ ನಮಗೆ ತಿಳಿಯುವುದು ಒಂದೇ ಸಂಗತಿ, ಸೌಂಡ್ ಇಲ್ಲ.

ಮೊದಲು ಕಿವಿಯ ಕಡೆಯಿಂದ

ಸ್ಪೀಕರ್ ಕಳಚಿ, ಮೊಬೈಲಿನ ಇಯರ್‌ಫೋನನ್ನು ಕಂಪ್ಯೂಟರಿನ ಹಿಂಬದಿಯ ಹಸಿರು ತೂತಿಗೆ ಹಾಕಿ. ಅದರಲ್ಲಿ ಹಾಡು ಕೇಳಿಸಿದರೆ ಕಂಪ್ಯೂಟರ್ ನೆಟ್ಟಗಿದೆ, ಕೆಟ್ಟಿರುವುದು ಸ್ಪೀಕರ್, ಅದರ ಅಡಾಪ್ಟರ್ ಅಥವಾ ವೈರು. ನಮ್ಮಲ್ಲಿ ಸಿಪಿಯು ಮತ್ತು ಮಾನಿಟರನ್ನು ಯುಪಿಎಸ್‌ಗೆ ಕೊಟ್ಟು ಸ್ಪೀಕರನ್ನು ಗೋಡೆಯ ಬೋರ್ಡಿಗೆ ಚುಚ್ಚುವುದು ವಾಡಿಕೆ. ಕರೆಂಟ್ ಹೋದಾಗ ಪರದೆ ಉರಿಯುತ್ತಲೇ ಇರುತ್ತದೆ, ಸದ್ದು ಮಾತ್ರ ನಿಲ್ಲುತ್ತದೆ. ಸ್ಪೀಕರಿನ ಮೇಲಿನ ದೀಪ ಹತ್ತಿದೆಯೇ ಎಂದು ನೋಡಿದರೆ ಈ ಗೊಂದಲ ತೀರುತ್ತದೆ.

ತೂತಿನ ಬಣ್ಣಕ್ಕೂ ಲೆಕ್ಕವಿದೆ. ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಸೇರಿ ರೂಪಿಸಿದ ‘ಪಿಸಿ 99’ ಮಾರ್ಗಸೂಚಿಯ ಪ್ರಕಾರ ತಿಳಿಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ, ತಿಳಿನೀಲಿ ಹೊರಗಿನ ಸೌಂಡನ್ನು ಒಳತರಲು. ಕಸ ಗುಡಿಸುವಾಗ ಕಿತ್ತ ಪಿನ್ನು ಮತ್ತೆ ಸೇರುವಾಗ ಗುಲಾಬಿಗೆ ಸೇರಿರಬಹುದು. ಮುಂಬದಿಯ ತೂತು ಕೆಲಸ ಮಾಡದೆ ಹಿಂಬದಿಯದು ಮಾಡಿದರೆ, ಕ್ಯಾಬಿನೆಟ್ಟಿನೊಳಗೆ ಮುಂಭಾಗಕ್ಕೆ ಹೋಗುವ ಸಣ್ಣ ಕೇಬಲ್ ಸಡಿಲವಾಗಿರುವ ಸಾಧ್ಯತೆಯಿದೆ.

ಪಿನ್ನು ಪೂರ್ತಿ ಕೂತಿಲ್ಲದಿದ್ದರೆ ಇಯರ್‌ಫೋನಿನಲ್ಲಿ ಒಂದು ವಿಚಿತ್ರ ನಡೆಯುತ್ತದೆ. ವಾದ್ಯಗಳು ಕೇಳುತ್ತವೆ, ಹಾಡುವವರ ದನಿ ಮಾಯ. ಎಡ ಬಲ ಎರಡಕ್ಕೂ ಸಾಮಾನ್ಯವಾದ ಗ್ರೌಂಡ್ ತಂತಿಯ ಸಂಪರ್ಕ ತಪ್ಪಿದಾಗ, ಎರಡೂ ಕಡೆ ಒಂದೇ ಸಮನಾಗಿರುವ ಸದ್ದು ಪರಸ್ಪರ ಕಳೆದುಹೋಗಿ ವ್ಯತ್ಯಾಸವಷ್ಟೇ ಉಳಿಯುತ್ತದೆ. ಸ್ಟೀರಿಯೊ ಹಾಡಿನಲ್ಲಿ ಗಾಯಕರ ದನಿಯನ್ನು ಸಾಮಾನ್ಯವಾಗಿ ನಡುವೆ ಇಟ್ಟಿರುತ್ತಾರೆ, ಹಾಗಾಗಿ ಹೋಗುವುದು ಅದೇ. ಗಾಜನೂರಿನ ರಾಜ್‌ಕುಮಾರ್ ಅವರ 1950–60ರ ದಶಕದ ಚಿತ್ರಗಳ ಹಾಡು ಹಾಕಿದರಂತೂ ಬಹುಪಾಲು ಏನೂ ಕೇಳದು, ಏಕೆಂದರೆ ಆಗಿನ ಮಾನೋ ಧ್ವನಿಮುದ್ರಣದಲ್ಲಿ ಎಡಕ್ಕೂ ಬಲಕ್ಕೂ ವ್ಯತ್ಯಾಸವೇ ಇಲ್ಲ. ಆದ್ದರಿಂದ ಪರೀಕ್ಷೆಗೆ ಒಂದು ಹೊಸ ಹಾಡು, ಒಂದು ಹಳೆಯ ಹಾಡು ಎರಡೂ ಇರಲಿ. ಹೊಸದರಲ್ಲಿ ದನಿ ಇಲ್ಲದೆ ವಾದ್ಯ ಮಾತ್ರ ಬಂದರೆ ದೋಷ ಪಿನ್ನಿನದು.

ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಪೇಚು. ಇಯರ್‌ಫೋನ್ ಚುಚ್ಚಿದೊಡನೆ ಒಳಗಿನ ಸ್ಪೀಕರನ್ನು ಬಂದ್ ಮಾಡಲು ತೂತಿನಲ್ಲೇ ಒಂದು ಚಿಕ್ಕ ಸ್ವಿಚ್ಚಿರುತ್ತದೆ. ಧೂಳು, ತೇವದಿಂದ ಅದು ಸಿಕ್ಕಿಕೊಂಡರೆ ಏನೂ ಚುಚ್ಚಿಲ್ಲದಿದ್ದರೂ ಪರದೆ ‘ಹೆಡ್‌ಫೋನ್’ ಎಂದೇ ತೋರಿಸುತ್ತದೆ. ಪಿನ್ನನ್ನು ಹಲವು ಸಲ ಮೆಲ್ಲಗೆ ಹಾಕಿ ತೆಗೆದರೆ ಸಾಮಾನ್ಯವಾಗಿ ಬಿಡುತ್ತದೆ. ಹೇರ್‌ಪಿನ್, ಸೂಜಿ ಮಾತ್ರ ತೂರಿಸಬೇಡಿ.

ನಡುವಿನ ವಾಲ್ವ್: ಹಸಿರು ಪಟ್ಟಿ

ಇಯರ್‌ಫೋನಿನಲ್ಲೂ ಸದ್ದಿಲ್ಲವೇ? ಹಾಡು ಹಾಕಿಯೇ ಇಟ್ಟು, ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಸೌಂಡ್’ ತೆರೆದು ‘ಪ್ಲೇಬ್ಯಾಕ್’ ವಿಭಾಗ ನೋಡಿ. ಸದ್ದು ಹೊರಡಿಸಬಲ್ಲ ಸಾಧನಗಳೆಲ್ಲ ಅಲ್ಲಿ ಸಾಲಾಗಿವೆ, ಪ್ರತಿಯೊಂದರ ಪಕ್ಕದಲ್ಲೂ ಒಂದು ಅಳತೆ ಪಟ್ಟಿ. ವಿಂಡೋಸ್ ಯಾವ ಸಾಧನಕ್ಕೆ ಸದ್ದು ಕಳಿಸುತ್ತಿದೆಯೋ ಅದರ ಪಟ್ಟಿ ಹಸಿರಾಗಿ ಏರಿಳಿಯುತ್ತದೆ. ಇಲ್ಲಿ ಮೂರು ಸಾಧ್ಯತೆಗಳಿವೆ.

ಒಂದು, ಹಸಿರು ಕುಣಿಯುತ್ತಿದೆ, ಆದರೆ ಬೇರೆ ಸಾಧನದ ಪಕ್ಕದಲ್ಲಿ. ಎಚ್‌ಡಿಎಂಐ ಕೇಬಲ್ಲಿನಲ್ಲಿ ಚಿತ್ರದ ಜೊತೆ ಸದ್ದೂ ಹೋಗುವುದರಿಂದ, ಹೊಸ ಮಾನಿಟರ್ ಅಥವಾ ಟಿವಿ ಜೋಡಿಸಿದ ದಿನವೇ ವಿಂಡೋಸ್ ಅದನ್ನು ಸ್ಪೀಕರ್ ಎಂದು ಆರಿಸಿಕೊಂಡಿರಬಹುದು. ಮಾನಿಟರಿನಲ್ಲಿ ಸ್ಪೀಕರೇ ಇಲ್ಲದಿದ್ದರೂ ಹೀಗಾಗಬಹುದು. ಪಕ್ಕದ ಕೋಣೆಯಲ್ಲಿ ಆನ್ ಆಗಿರುವ ಬ್ಲೂಟೂತ್ ಸ್ಪೀಕರ್ ಸದ್ದನ್ನು ಎಳೆದುಕೊಳ್ಳುವುದೂ ಹೀಗೆಯೇ. ನಿಮ್ಮ ಸ್ಪೀಕರಿನ ಹೆಸರನ್ನು ಆರಿಸಿ ‘ಸೆಟ್ ಡಿಫಾಲ್ಟ್’ ಒತ್ತಿದರೆ ಮುಗಿಯಿತು.

ಎರಡು, ಸರಿಯಾದ ಸಾಧನದ ಪಕ್ಕದಲ್ಲೇ ಕುಣಿಯುತ್ತಿದೆ. ಹಾಗಾದರೆ ಅಲ್ಲಿವರೆಗೆ ದಾರಿ ತೆರೆದಿದೆ. ತೊಂದರೆ ಅದರಾಚೆ, ಡ್ರೈವರ್, ಚಿಪ್ ಅಥವಾ ತೂತಿನಲ್ಲಿ.

ಮೂರು, ಯಾವುದರ ಪಕ್ಕದಲ್ಲೂ ಕುಣಿಯುತ್ತಿಲ್ಲ. ಸದ್ದು ಆ್ಯಪ್‌ನಿಂದ ಹೊರಟೇ ಇಲ್ಲ, ಇಲ್ಲವೇ ವಿಂಡೋಸ್‌ನಲ್ಲೇ ನಿಂತಿದೆ. ಬ್ರೌಸರಿನ ಟ್ಯಾಬ್ ಮ್ಯೂಟ್ ಆಗಿದೆಯೇ, ವಾಲ್ಯೂಮ್ ಮಿಕ್ಸರ್‌ನಲ್ಲಿ ಆ ಆ್ಯಪ್‌ನ ಸೌಂಡ್ ಸೊನ್ನೆಗಿಳಿದಿದೆಯೇ ನೋಡಿ. ಅಲ್ಲೂ ಸರಿಯಿದ್ದರೆ ‘ಸರ್ವಿಸಸ್’ ತೆರೆದು ‘ವಿಂಡೋಸ್ ಆಡಿಯೊ’ ಎಂಬುದನ್ನು ರೀಸ್ಟಾರ್ಟ್ ಮಾಡಿ.

ರೀಸ್ಟಾರ್ಟ್ ಬೇರೆ, ಶಟ್‌ಡೌನ್ ಬೇರೆ

‘ಆಫ್ ಮಾಡಿ ಆನ್ ಮಾಡಿದೆ, ಆದರೂ ಬರಲಿಲ್ಲ’ ಎನ್ನುವವರು ಗಮನಿಸಬೇಕಾದ ಅಂಶವಿದು. ವಿಂಡೋಸ್ 10 ಮತ್ತು 11ರಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇದ್ದರೆ, ಶಟ್‌ಡೌನ್ ಮಾಡಿದಾಗ ಡ್ರೈವರ್‌ಗಳು ಇದ್ದ ಸ್ಥಿತಿಯಲ್ಲೇ ಡಿಸ್ಕಿಗೆ ಉಳಿದು, ಆನ್ ಮಾಡಿದಾಗ ಹಾಗೇ ಮರಳುತ್ತವೆ. ಎಡವಟ್ಟೂ ಜೊತೆಗೇ ಮರಳುತ್ತದೆ. ‘ರೀಸ್ಟಾರ್ಟ್’ ಒತ್ತಿದರೆ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಸೌಂಡ್ ನಿಂತಿದ್ದರೆ, ಸಿಪಿಯು ಆಫ್ ಮಾಡಿ ಪವರ್ ಕೇಬಲ್ಲನ್ನೂ ಕಿತ್ತು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು ಮತ್ತೆ ಜೋಡಿಸಿ. ಕೇಬಲ್ ಇರುವವರೆಗೆ ಆಫ್ ಆದ ಬೋರ್ಡಿಗೂ ಅಲ್ಪ ವಿದ್ಯುತ್ ಹರಿಯುತ್ತಲೇ ಇರುತ್ತದೆ.

ಡ್ರೈವರ್ ಸರದಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆ ಕಾರಣಕ್ಕೆ ವಿಂಡೋಸ್ 11ಕ್ಕೆ ಬಡ್ತಿ ಪಡೆದ ಕಂಪ್ಯೂಟರ್‌ಗಳಲ್ಲಿ ಹಳೆಯ ಸೌಂಡ್ ಡ್ರೈವರ್ ಹೊಂದಿಕೆಯಾಗದಿರುವುದುಂಟು. ‘ಡಿವೈಸ್ ಮ್ಯಾನೇಜರ್’ ತೆರೆದು ಸೌಂಡ್ ಕಂಟ್ರೋಲರ್‌ಗಳ ಸಾಲು ಬಿಡಿಸಿ. ಕೆಳಮುಖದ ಬಾಣವಿದ್ದರೆ ಸಾಧನವನ್ನು ನಿಲ್ಲಿಸಲಾಗಿದೆ, ‘ಎನೇಬಲ್’ ಮಾಡಿ. ಹಳದಿ ತ್ರಿಕೋನವಿದ್ದರೆ ಹೆಚ್ಚಾಗಿ ಡ್ರೈವರ್ ಕೆಟ್ಟಿರುತ್ತದೆ. ಅಪ್‌ಡೇಟ್ ಆದ ಮೇಲೆ ಕೆಟ್ಟಿದ್ದರೆ ‘ರೋಲ್ ಬ್ಯಾಕ್ ಡ್ರೈವರ್’ ಹಿಂದಿನದನ್ನು ಮರಳಿಸುತ್ತದೆ. ಅದಾಗದಿದ್ದರೆ ‘ಅಪ್‌ಡೇಟ್ ಡ್ರೈವರ್’ ಒಳಗೆ ಪಟ್ಟಿಯಿಂದ ಆರಿಸುವ ದಾರಿ ಹಿಡಿದು, ಮೈಕ್ರೋಸಾಫ್ಟ್‌ನದೇ ಆದ ‘ಹೈ ಡೆಫಿನಿಷನ್ ಆಡಿಯೊ ಡಿವೈಸ್’ ಆರಿಸಿ. ರಿಯಲ್‌ಟೆಕ್ ಡ್ರೈವರ್ ಮುನಿಸಿಕೊಂಡ ಎಷ್ಟೋ ಕಡೆ ಇದು ಕೆಲಸ ನಡೆಸುತ್ತದೆ. ಹೊಸ ಡ್ರೈವರ್ ಬೇಕಾದರೆ ಲ್ಯಾಪ್‌ಟಾಪ್ ಅಥವಾ ಮದರ್‌ಬೋರ್ಡ್ ಕಂಪನಿಯ ಜಾಲತಾಣದಿಂದಲೇ ಇಳಿಸಿಕೊಳ್ಳಿ. ‘ಎಲ್ಲ ಡ್ರೈವರ್ ಉಚಿತ’ ಎನ್ನುವ ಆ್ಯಪ್‌ಗಳ ಸಹವಾಸ ಬೇಡ.

ಡಿವೈಸ್ ಮ್ಯಾನೇಜರ್‌ನ ಆ ಸಾಲಿನಲ್ಲಿ ಸೌಂಡ್ ಚಿಪ್‌ನ ಹೆಸರೇ ಇಲ್ಲವೆಂದರೆ ಬಯಾಸ್ ಸೆಟ್ಟಿಂಗ್‌ಗಳಲ್ಲಿ ‘ಆನ್‌ಬೋರ್ಡ್ ಆಡಿಯೊ’ ಆಫ್ ಆಗಿರಬಹುದು, ಇಲ್ಲವೇ ಚಿಪ್ಪೇ ಹೋಗಿರಬಹುದು.

ತೀರ್ಪು ಹೇಳುವ ಪೆನ್‌ಡ್ರೈವ್

ತಪ್ಪು ವಿಂಡೋಸಿನದೋ ಬೋರ್ಡಿನದೋ ಎಂದು ಫಾರ್ಮ್ಯಾಟ್ ಮಾಡದೆಯೇ ತಿಳಿಯಬಹುದು. 8 ಜಿಬಿ ಅಥವಾ ಹೆಚ್ಚಿನ ಪೆನ್‌ಡ್ರೈವ್‌ಗೆ ವಿಂಡೋಸ್‌ನಂಥದೇ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯಾದ ಉಬುಂಟು ಹಾಕಿಸಿ, ಅದರಿಂದ ಕಂಪ್ಯೂಟರ್ ಬೂಟ್ ಮಾಡಿ ‘ಟ್ರೈ ಉಬುಂಟು’ ಆರಿಸಿ. ‘ಇನ್‌ಸ್ಟಾಲ್’ ಅಲ್ಲ. ಡಿಸ್ಕಿನಲ್ಲಿರುವುದು ಅಲುಗುವುದಿಲ್ಲ. ಅಲ್ಲಿ ಸದ್ದು ಬಂದರೆ ಯಂತ್ರ ಗಟ್ಟಿಯಾಗಿದೆ, ದೋಷ ವಿಂಡೋಸಿನದು. ಬರದಿದ್ದರೆ ಫಾರ್ಮ್ಯಾಟ್ ಮಾಡಿಸಿಯೂ ಪ್ರಯೋಜನವಾಗುವುದು ಅನುಮಾನ. ಆಗ ಕೆಲವು ನೂರು ರೂಪಾಯಿಗೆ ಸಿಗುವ ಯುಎಸ್‌ಬಿ ಸೌಂಡ್ ಕಾರ್ಡ್ ಚುಚ್ಚಿದರೆ ಸಾಕು. ಅದರೊಳಗೆ ತನ್ನದೇ ಚಿಪ್ ಇರುವುದರಿಂದ ಬೋರ್ಡಿನ ಚಿಪ್‌ನ ಹಂಗೇ ಇಲ್ಲ. ಬೋರ್ಡ್ ರಿಪೇರಿಗೆಂದು ಚಾಮರಾಜನಗರದಿಂದ ಸುಮಾರು 60 ಕಿಲೋಮೀಟರ್ ದೂರದ ಮೈಸೂರಿಗೆ ಹೊರಡುವ ಮುನ್ನ ಇದನ್ನೊಮ್ಮೆ ನೋಡಿ.

ಅಂಗಡಿಗೆ ಹೋಗಲೇಬೇಕಾದರೆ ‘ಸೌಂಡ್ ಇಲ್ಲ’ ಎಂದಷ್ಟೇ ಹೇಳದೆ ನಾಲ್ಕು ಮಾತು ಹೇಳಿ: ಯಾವತ್ತಿನಿಂದ ಹೋಯಿತು, ಅದಕ್ಕೆ ಮುಂಚೆ ಏನು ಬದಲಾಯಿತು, ಹಸಿರು ಪಟ್ಟಿ ಎಲ್ಲಿ ಕುಣಿಯಿತು, ಉಬುಂಟುವಿನಲ್ಲಿ ಸದ್ದು ಬಂತೇ. ಉಬುಂಟುವಿನಲ್ಲಿ ಬಂದು, ಡ್ರೈವರ್ ಬದಲಿಸಿದರೂ ವಿಂಡೋಸಿನಲ್ಲಿ ಬಾರದಿದ್ದರೆ ಮಾತ್ರ ಫಾರ್ಮ್ಯಾಟಿಗೆ ಒಪ್ಪಿ. ಒಪ್ಪುವ ಮುನ್ನ ಫೋಟೊ, ಟ್ಯಾಲಿ ಡೇಟಾ, ನುಡಿ ಫೈಲುಗಳ ಜೊತೆ ನುಡಿ ಫಾಂಟ್‌ಗಳನ್ನೂ ಬೇರೆ ಡಿಸ್ಕಿಗೆ ಇಳಿಸಿಕೊಂಡು, ಒಂದೆರಡು ಫೈಲನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ.