ಕಣ್ಣಿಗೆ ಕಾಣದ ಬೆಳಕಿನಲ್ಲಿ ತಗಡೂರು ನಾಡು

ಹೊಗೇನಕಲ್ ಎಂಬ ಹೆಸರೇ ಒಂದು ಚಿತ್ರ. ಕಾವೇರಿ ಬಂಡೆಗಳ ನಡುವೆ ಧುಮುಕುವಾಗ ಏಳುವ ತುಂತುರು ಹೊಗೆಯಂತೆ ಕಂಡುದರಿಂದ ಆ ಕಲ್ಲಿಗೆ ಕನ್ನಡದ ಹೆಸರು ನಿಂತಿತು. ಧರ್ಮಪುರಿ ಜಿಲ್ಲೆಯ ಆ ಜಲಪಾತವನ್ನು ಹಳೆಯ ಕ್ಯಾಮೆರಾಕ್ಕೆ ಅವಕೆಂಪು ಫಿಲ್ಟರ್ ತೊಡಿಸಿ ಕಪ್ಪು-ಬಿಳುಪಿನಲ್ಲಿ ಸೆರೆಹಿಡಿದರೆ ಹೊಗೆ ಹೊಗೆಯಾಗಿಯೇ ಉಳಿಯುತ್ತದೆ. ಆದರೆ ಮಡುವಿನ ನೀರು ಮಸಿಯಂತಾಗುತ್ತದೆ. ದಡದ ಮರಗಳು ಹತ್ತಿ ಅರಳಿದಂತೆ ಬೆಳ್ಳಗಾಗುತ್ತವೆ. ನಡುಹಗಲಿನ ಆಕಾಶಕ್ಕೆ ಇರುಳಿನ ಬಣ್ಣ ಬರುತ್ತದೆ.

ಇದು ಕೈಚಳಕವಲ್ಲ. ಮನುಷ್ಯನ ಕಣ್ಣು ಸುಮಾರು 400ರಿಂದ 700 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು ಕಾಣುತ್ತದೆ. ಕೆಂಪಿನ ಆಚೆಗಿರುವುದು ಅವಕೆಂಪು. ಎಲೆಯ ಪತ್ರಹರಿತ್ತು ಕೆಂಪು ಮತ್ತು ನೀಲಿಯನ್ನು ಹೀರಿಕೊಳ್ಳುತ್ತದೆಯಾದರೂ ಅವಕೆಂಪನ್ನು ತಡೆಯದು. ಒಳಹೊಕ್ಕ ಆ ಕಿರಣಗಳು ಎಲೆಯ ಜೀವಕೋಶಗಳ ನಡುವಣ ಗಾಳಿತೆರಪುಗಳಲ್ಲಿ ಚದುರಿ, ಬಹುಪಾಲು ಹೊರಕ್ಕೆ ಮರಳುತ್ತವೆ. ಆಕಾಶವನ್ನು ನೀಲಿಯಾಗಿಸುವ ಚದುರುವಿಕೆ ದೀರ್ಘ ಅಲೆಗಳಲ್ಲಿ ತೀರ ಕ್ಷೀಣ. ಆದ್ದರಿಂದ ಬಾನು ಕಪ್ಪು. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1910ರಲ್ಲಿ ಇಂಥ ಚಿತ್ರಗಳನ್ನು ಮೊದಲಿಗೆ ಪ್ರಕಟಿಸಿದನು. ಎಲೆ ಬೆಳಗುವ ಈ ಪರಿಗೆ ಇಂದಿಗೂ ಅವನದೇ ಹೆಸರು. ಸೇಲಂ ಜಿಲ್ಲೆಯ ಏರ್ಕಾಡಿನ ಅಂಚಿನಲ್ಲಿ ನಿಂತು ಬಯಲನ್ನು ನೋಡುವವರಿಗೆ ದೂರವನ್ನು ಮುಸುಕುವ ಒಣ ಮಬ್ಬನ್ನೂ ಅವಕೆಂಪು ಬಹುಮಟ್ಟಿಗೆ ಸೀಳುತ್ತದೆ. ಬೆಳಗಿನ ಮಂಜನ್ನು ಮಾತ್ರ ಸೀಳಲಾರದು. ಮಂಜಿನ ಹನಿಗಳು ದೊಡ್ಡವು, ಎಲ್ಲ ಬೆಳಕನ್ನೂ ಸಮವಾಗಿ ಚದುರಿಸುತ್ತವೆ. ಹೊಗೇನಕಲ್ಲಿನ ತುಂತುರು ಬಿಳಿಯಾಗಿಯೇ ಉಳಿಯುವುದಕ್ಕೂ ಇದೇ ಕಾರಣ.

ಕನ್ನಡ ವಿದ್ಯಾರ್ಥಿಗೆ ಇದರಿಂದ ಏನಾಗಬೇಕು? ಧರ್ಮಪುರಿ ಹಿಂದಿನ ತಗಡೂರು. ನೊಳಂಬರ ಆಳ್ವಿಕೆಯನ್ನು ಕಂಡ ನೆಲ. ಅಲ್ಲಿ ದೊರೆತ ಕಂಬವೊಂದರ ಮೇಲೆ ಮಹೇಂದ್ರ ನೊಳಂಬನ ಕಾಲದ, ಶಕ 815ರ ಕನ್ನಡ ಶಾಸನವಿದೆ. ಆ ಸೀಮೆಯಲ್ಲಿ ವೀರಗಲ್ಲುಗಳಿಗೂ ಕೊರತೆಯಿಲ್ಲ. ಕ್ಷೇತ್ರಕಾರ್ಯಕ್ಕೆ ಹೊರಡುವವರಲ್ಲಿ ಒಂದು ನಂಬಿಕೆ ಬೇರೂರಿದೆ: ಸವೆದ ಅಕ್ಷರವನ್ನು ಅವಕೆಂಪು ಓದಿಸಿಬಿಡುತ್ತದೆ ಎಂಬುದು. ಅದು ಅರ್ಧ ಸತ್ಯ. ಯಾವ ಅರ್ಧವೆಂದು ತಿಳಿಯದೆ ಹೊರಟರೆ ದುಬಾರಿ ಫಿಲ್ಮೂ ಒಂದು ದಿನದ ಬಿಸಿಲೂ ವ್ಯರ್ಥ.

ಮೊದಲು ಉಪಕರಣದ ಮಾತು. 120 ಅಳತೆಯ ಸುರುಳಿಯನ್ನು ಬಳಸುವ ಹಳೆಯ ಕ್ಯಾಮೆರಾಗಳಲ್ಲಿ ಎರಡು ಮಸೂರದವು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. 720 ನ್ಯಾನೋಮೀಟರಿನಿಂದಾಚೆಯ ಬೆಳಕನ್ನು ಮಾತ್ರ ಬಿಡುವ ಆರ್72ರಂಥ ಫಿಲ್ಟರ್ ಕಣ್ಣಿಗೆ ಹೆಚ್ಚುಕಡಿಮೆ ಕಪ್ಪು ಗಾಜು. ಹ್ಯಾಸಲ್‌ಬ್ಲಾಡ್ 500ರಂಥ ಒಂದೇ ಮಸೂರದ ಕ್ಯಾಮೆರಾದಲ್ಲಿ ಮೊದಲು ಚೌಕಟ್ಟು ಹೊಂದಿಸಿ, ಆಮೇಲೆ ಫಿಲ್ಟರ್ ತೊಡಿಸಬೇಕು. ಪ್ರತಿ ಚಿತ್ರಕ್ಕೂ ಅದೇ ಪಾಡು. ಯಾಶಿಕಾ-ಮ್ಯಾಟ್ ಅಥವಾ ರೋಲೈಫ್ಲೆಕ್ಸ್‌ನಲ್ಲಾದರೆ ಫಿಲ್ಟರ್ ಕೆಳಗಿನ ಮಸೂರಕ್ಕೆ; ನೋಡುವ ಮೇಲಿನ ಮಸೂರ ಮುಕ್ತವಾಗಿರುತ್ತದೆ. ಅವಕೆಂಪು ಕಿರಣಗಳು ಮಸೂರದಿಂದ ತುಸು ದೂರದಲ್ಲಿ ಕೂಡುವುದರಿಂದ ಫೋಕಸನ್ನು ಸ್ವಲ್ಪ ಹತ್ತಿರದ ವಸ್ತುವಿಗೆ ಎಂಬಂತೆ ಸರಿಸಬೇಕು. ಕೆಲವು ಮಸೂರಗಳ ಮೇಲೆ ಇದಕ್ಕೆಂದೇ ಕೆಂಪು ಗುರುತು ಇರುತ್ತದೆ. ಇಲ್ಲದಿದ್ದರೆ ದ್ಯುತಿರಂಧ್ರವನ್ನು ಎಫ್/11 ಅಥವಾ ಎಫ್/16ಕ್ಕೆ ಕಿರಿದುಗೊಳಿಸಿದರೆ ಸಾಕು.

ಫಿಲ್ಮ್ ಆರಿಸುವಲ್ಲಿ ಎಡವುವವರೇ ಹೆಚ್ಚು. ಸಾಮಾನ್ಯ ಕಪ್ಪು-ಬಿಳುಪು ಫಿಲ್ಮಿಗೆ ಈ ಫಿಲ್ಟರಿನ ಹಿಂದೆ ಏನೂ ಕಾಣದು. ಸುರುಳಿ ಖಾಲಿಯಾಗಿ ಮರಳುತ್ತದೆ. ಅವಕೆಂಪಿಗೆ ಹೆಸರಾಗಿದ್ದ ಕೊಡಾಕ್‌ನ ಎಚ್‌ಐಇ ಫಿಲ್ಮಿನ ತಯಾರಿಕೆ 2007ರಲ್ಲಿ ನಿಂತಿತು. ರೋಲೈ ಇನ್‌ಫ್ರಾರೆಡ್ 400 ಸುಮಾರು 820 ನ್ಯಾನೋಮೀಟರ್‌ವರೆಗೆ ಗ್ರಹಿಸುತ್ತದೆ. ಇಲ್ಫರ್ಡ್ ಎಸ್‌ಎಫ್‌ಎಕ್ಸ್ 200ರ ಮಿತಿ 740ರ ಹತ್ತಿರ. ಎರಡನೆಯದಕ್ಕೆ ಆರ್72 ಹಾಕಿದರೆ ಉಳಿಯುವ ಕಿಂಡಿ ತೀರ ಕಿರಿದು. ಬೆಳಕಿನ ಮಾಪಕ ಅವಕೆಂಪನ್ನು ಅಳೆಯಲಾರದಾದ್ದರಿಂದ ರೋಲೈ ಫಿಲ್ಮನ್ನು ಐಎಸ್‌ಒ 6 ಅಥವಾ 12 ಎಂದೇ ಎಣಿಸುವುದು ರೂಢಿ. ಆರು ಎಂದಿಟ್ಟರೆ ಪ್ರಖರ ಬಿಸಿಲಲ್ಲೂ ಎಫ್/16ಕ್ಕೆ ಸೆಕೆಂಡಿನ ಆರನೆಯ ಒಂದು ಭಾಗ ಬೇಕು. ಮುಕ್ಕಾಲಿ ಅನಿವಾರ್ಯ. ಅಂದಾಜು ತಪ್ಪಬಹುದೆಂದು ಒಂದೊಂದು ದೃಶ್ಯವನ್ನೂ ಮೂರು ಬಗೆಯಲ್ಲಿ ತೆಗೆದರೆ ಹನ್ನೆರಡು ಚಿತ್ರಗಳ ಸುರುಳಿ ನಾಲ್ಕೇ ದೃಶ್ಯಕ್ಕೆ ಮುಗಿಯುತ್ತದೆ. ಆಗ್ಫಾ ಕ್ಲಿಕ್ 3ರಂಥ ಹಳೆಯ ಕ್ಯಾಮೆರಾಗಳ ಬೆನ್ನಿಗೆ ಚಿತ್ರದ ಸಂಖ್ಯೆ ನೋಡಲು ಕೆಂಪು ಕಿಟಕಿಯಿರುತ್ತದೆ. ಹಳೆಯ ಫಿಲ್ಮುಗಳಿಗೆ ಕೆಂಪು ನಿರಪಾಯವಾಗಿತ್ತು. ಈ ಫಿಲ್ಮಿಗೆ ಅದೇ ಕಳ್ಳಗಿಂಡಿ. ಕಪ್ಪು ಅಂಟುಪಟ್ಟಿಯಿಂದ ಮುಚ್ಚಿ, ಸುರುಳಿ ತಿರುಗಿಸುವಾಗ ಮಾತ್ರ ನೆರಳಿನಲ್ಲಿ ತೆರೆಯಬೇಕು.

ಇನ್ನು ಅಕ್ಷರಗಳ ವಿಷಯ. ಅವಕೆಂಪು ಬೇರ್ಪಡಿಸುವುದು ವಸ್ತುವಿನ ಗುಣವನ್ನು, ಆಕಾರವನ್ನಲ್ಲ. ಶಾಸನದ ಅಕ್ಷರವೂ ಅದರ ಹಿನ್ನೆಲೆಯೂ ಒಂದೇ ಕಲ್ಲು. ಅಲ್ಲಿ ಬೇರ್ಪಡಿಸಲು ಎರಡನೆಯ ವಸ್ತುವೇ ಇಲ್ಲ. ಆಕಾಶದಿಂದ ಬರುವ ಅವಕೆಂಪು ಅಲ್ಪವಾದ್ದರಿಂದ ನೆರಳುಗಳು ತುಸು ಗಾಢವಾಗುತ್ತವೆ, ನಿಜ. ಆದರೆ ವೀರಗಲ್ಲು ಹುಣಸೆಮರದ ಕೆಳಗೆ ನಿಂತಿದ್ದರೆ ಮೇಲಿನ ಎಲೆಗಳೇ ಅವಕೆಂಪನ್ನು ನೆರಳಿನೊಳಕ್ಕೆ ಸುರಿದು ಆ ಲಾಭವನ್ನೂ ಕಳೆಯುತ್ತವೆ. ಇಳಿಬಿಸಿಲೋ ಕನ್ನಡಿಯಿಂದ ತಿರುಗಿಸಿದ ಓರೆ ಬೆಳಕೋ ಇದ್ದರೆ ಸಾಮಾನ್ಯ ಫಿಲ್ಮೇ ಇದಕ್ಕಿಂತ ಚೆನ್ನಾಗಿ ಓದಿಸುತ್ತದೆ. ಪಡಿಯಚ್ಚು ಅದಕ್ಕಿಂತಲೂ ಮೇಲು.

ಓಲೆಗರಿಯ ಕಥೆಯೇ ಬೇರೆ. ಕಂಠದಿಂದ ಕೊರೆದ ಗೆರೆಗೆ ಸವರಿದ ಕಾಡಿಗೆ ಶುದ್ಧ ಇಂಗಾಲ. ಅದು ಅವಕೆಂಪನ್ನು ಹೀರಿ ಕಪ್ಪಾಗಿಯೇ ಉಳಿಯುತ್ತದೆ. ಕಾಲದಿಂದಲೂ ಎಣ್ಣೆಜಿಡ್ಡಿನಿಂದಲೂ ಕಂದಿದ ಗರಿಯಾದರೋ ತಿಳಿಯಾಗುತ್ತದೆ. ಕಣ್ಣಿಗೆ ಕಂದಿನ ಮೇಲೆ ಕಂದಾಗಿದ್ದ ಸಾಲು ಚಿತ್ರದಲ್ಲಿ ಮೇಲೆದ್ದು ಬರುತ್ತದೆ. ಮೃತಸಮುದ್ರದ ಸುರುಳಿಗಳನ್ನು 1950ರ ದಶಕದಲ್ಲಿ ಓದಿಸಿದ್ದೂ ಇದೇ ಉಪಾಯ. ಕಪ್ಪಾದ ಚರ್ಮದಲ್ಲಿ ಅಡಗಿದ್ದ ಇಂಗಾಲದ ಮಸಿಯನ್ನು ಛಾಯಾಗ್ರಾಹಕ ನಜೀಬ್ ಆಲ್ಬಿನಾ ಅವಕೆಂಪು ಫಿಲ್ಮಿನಲ್ಲಿ ಹೊರತೆಗೆದನು. ಗರಿಗೆ ಕಾಡಿಗೆಯನ್ನೇ ಸವರದೆ ಬಿಟ್ಟಿದ್ದರೆ ಈ ಉಪಾಯ ಸಲ್ಲದು. ಅಳಲೆಕಾಯಿ, ಕಬ್ಬಿಣ ಸೇರಿಸಿ ಕಾಸಿದ ಶಾಯಿಯ ಕಾಗದಕ್ಕಂತೂ ಇದು ಅಪಕಾರವೇ: ಆ ಶಾಯಿ ಅವಕೆಂಪಿನಲ್ಲಿ ಮಂಕಾಗಿ, ಇದ್ದ ಅಕ್ಷರವೂ ಹಿಂಜರಿಯುತ್ತದೆ. ಹುಣಸೆಬೀಜದ ಸರಿಗೆ ಇದ್ದಿಲು ಬೆರೆಸಿ ಬಳಿದ ಕಡತದ ಮೇಲಿನ ಬಳಪದ ಬರಹ ಹೇಗಿತ್ತೋ ಹಾಗೆಯೇ ಇರುತ್ತದೆ.

ಗರಿಗಳನ್ನು ಚಿತ್ರಿಸುವಾಗ ದೀಪವೂ ಲೆಕ್ಕಕ್ಕೆ ಬರುತ್ತದೆ. ಈಗ ಎಲ್ಲ ಕೋಣೆಗಳಲ್ಲೂ ಉರಿಯುವ ಎಲ್‌ಇಡಿ ದೀಪದಲ್ಲಿ ಅವಕೆಂಪು ಇಲ್ಲವೆನ್ನುವಷ್ಟು ಕಡಿಮೆ. ಎಷ್ಟು ಹೊತ್ತು ತೆರೆದಿಟ್ಟರೂ ಫಿಲ್ಮ್ ಬರಿದಾಗಿಯೇ ಉಳಿಯುತ್ತದೆ. ಹಳೆಯ ತಂತಿಯ ಬಲ್ಬಿನಲ್ಲಿ ಅದು ಧಾರಾಳ, ಶಾಖವೂ ಅಷ್ಟೇ ಧಾರಾಳ. ಒಣಗಿದ ಗರಿ ಆ ಶಾಖಕ್ಕೆ ಮುರುಟಿ ಸೀಳಬಹುದು. ಆದ್ದರಿಂದ ಫೋಕಸ್ ಹೊಂದಿಸುವವರೆಗೆ ಎಲ್‌ಇಡಿ ದೀಪವೇ ಇರಲಿ. ಬಲ್ಬನ್ನು ಎರಡು ಮೊಳ ದೂರವಿಟ್ಟು, ಶಟರ್ ತೆರೆಯುವ ಮುನ್ನ ಹೊತ್ತಿಸಿ, ಮುಚ್ಚಿದೊಡನೆ ಆರಿಸಬೇಕು.