ಐದನೇ ದಿನದ ಎಸೆತಗಾರ

ಬೇಸ್‌ಬಾಲ್ ಪಂದ್ಯದಲ್ಲಿ ತನ್ನ ತಂಡದ ಪರವಾಗಿ ಮೊದಲ ಎಸೆತ ಹಾಕುವವನು ಸ್ಟಾರ್ಟಿಂಗ್ ಪಿಚರ್. ಕ್ರಿಕೆಟ್ಟಿನಲ್ಲಿ ಆರು ಎಸೆತ ಮುಗಿದೊಡನೆ ಚೆಂಡು ಇನ್ನೊಬ್ಬರ ಕೈಗೆ ಹೋಗುತ್ತದೆ. ಬೇಸ್‌ಬಾಲ್‌ನಲ್ಲಿ ಆ ಬಿಡುವಿಲ್ಲ. ತಂಡ ಫೀಲ್ಡಿಂಗ್‌ಗೆ ಇಳಿದಾಗಲೆಲ್ಲ ಅವನೇ ಎಸೆಯಬೇಕು, ಮ್ಯಾನೇಜರ್ ಮೈದಾನದೊಳಕ್ಕೆ ನಡೆದು ಬಂದು ಚೆಂಡಿಗಾಗಿ ಕೈಚಾಚುವವರೆಗೆ.

ಅಮೆರಿಕದ ಮೇಜರ್ ಲೀಗ್ ತಂಡವೊಂದು ಋತುವಿಗೆ 162 ಪಂದ್ಯ ಆಡುತ್ತದೆ, ಹೆಚ್ಚುಕಡಿಮೆ ದಿನವೂ. ಒಂದೇ ತೋಳಿಗೆ ಅಷ್ಟನ್ನು ತಾಳುವ ಶಕ್ತಿ ಇಲ್ಲ. ಹಾಗಾಗಿ ಸಾಮಾನ್ಯವಾಗಿ ಐವರು ಸ್ಟಾರ್ಟರ್‌ಗಳ ಸರದಿ ಇರುತ್ತದೆ. ಅವರಲ್ಲಿ ಎಲ್ಲರಿಗಿಂತ ಮಿಗಿಲಾದವನನ್ನು 'ಏಸ್' ಎನ್ನುತ್ತಾರೆ.

ಹತ್ತು ಇಂಚು ಎತ್ತರದ ಮಣ್ಣಿನ ದಿಬ್ಬವೇ ಪಿಚರ್‌ನ ಜಾಗ. ಬ್ಯಾಟರ್‌ನ ಮುಂದಿರುವ ಹೋಮ್ ಪ್ಲೇಟ್‌ಗೂ ಅದಕ್ಕೂ 18.44 ಮೀಟರ್ ಅಂತರ. ಚೆಂಡು ನೆಲಕ್ಕೆ ಬಡಿದು ತಿರುಗುವ ಆಟ ಇದಲ್ಲ. ಮೋಸವೆಲ್ಲ ಗಾಳಿಯಲ್ಲೇ ನಡೆಯಬೇಕು. ಕೆಂಪು ದಾರದ ಹೊಲಿಗೆಯ ಮೇಲೆ ಎರಡು ಬೆರಳು ಹೇಗೆ ಕೂತಿವೆ, ಬಿಡುವಾಗ ಮಣಿಕಟ್ಟು ಹೇಗೆ ತಿರುಗಿತು ಎಂಬುದರ ಮೇಲೆ ಚೆಂಡು ನೇರ ನುಗ್ಗುತ್ತದೆ ಅಥವಾ ಕೊನೆಗಳಿಗೆಯಲ್ಲಿ ಜಾರುತ್ತದೆ. ಎದುರಾಳಿಯ ಒಂಬತ್ತು ಬ್ಯಾಟರ್‌ಗಳು ಮೂರನೇ ಸುತ್ತಿಗೆ ಬರುವಷ್ಟರಲ್ಲಿ ಅವರಿಗೆ ಇವನ ಕೈಚಳಕ ಪರಿಚಯವಾಗಿರುತ್ತದೆ, ಇವನ ತೋಳು ದಣಿದಿರುತ್ತದೆ. ಸ್ಟಾರ್ಟರ್‌ನ ನಿಜವಾದ ಪರೀಕ್ಷೆ ಅಲ್ಲಿ.

ಹಿಂದಿನವರು ಈ ಪರೀಕ್ಷೆಯನ್ನು ದಾಟಿ ಕೊನೆವರೆಗೂ ಎಸೆಯುತ್ತಿದ್ದರು. ಆ ಕಾಲದ ಪಿಚರ್ ಸೈ ಯಂಗ್ ಅವರ ಹೆಸರಿನಲ್ಲಿ 511 ಗೆಲುವುಗಳಿವೆ; ಅವರು ಪೂರ್ತಿ ಎಸೆದು ಮುಗಿಸಿದ ಪಂದ್ಯಗಳು 749.

ಆ ಹಳೆಯ ಛಲ ಕಣ್ಣಿಗೆ ಕಟ್ಟುವುದು 1963ರ ಜುಲೈ 2ರ ರಾತ್ರಿ. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿ ಮಿಲ್ವಾಕಿ ತಂಡದ ವಾರೆನ್ ಸ್ಪಾನ್ ಅವರ ಎದುರು ಜೈಂಟ್ಸ್‌ನ ಹ್ವಾನ್ ಮರಿಶಾಲ್. ಸ್ಪಾನ್‌ಗೆ 42 ವರ್ಷ, ಎಡಗೈ. ಡೊಮಿನಿಕನ್ ಗಣರಾಜ್ಯದಿಂದ ಬಂದ ಮರಿಶಾಲ್‌ಗೆ 25. ಎಸೆಯುವ ಮುನ್ನ ಎಡಗಾಲನ್ನು ತಲೆಯೆತ್ತರಕ್ಕೆ ಝಾಡಿಸುವುದು ಅವರ ರೂಢಿ. ಎರಡೂ ತಂಡಗಳ ಒಂದೊಂದು ಬ್ಯಾಟಿಂಗ್ ಸರದಿ ಸೇರಿದರೆ ಒಂದು ಇನಿಂಗ್ಸ್; ಪಂದ್ಯದ ಅಂಥ ಒಂಬತ್ತು ಇನಿಂಗ್ಸ್ ಮುಗಿದವು, ರನ್ ಬರಲಿಲ್ಲ. ಹೆಚ್ಚುವರಿ ಇನಿಂಗ್ಸ್ ಒಂದೊಂದಾಗಿ ಸರಿದವು. ವಿಶ್ರಾಂತಿ ಕೊಡಲು ಬಂದ ಮ್ಯಾನೇಜರ್‌ಗೆ ಮರಿಶಾಲ್ ಎದುರಿನ ಹಿರಿಯನನ್ನು ತೋರಿಸಿ, ಆತ ನಿಂತಿರುವಾಗ ತಾನು ಹೋಗುವುದಿಲ್ಲ ಎಂದರೆಂಬ ಮಾತು ಪ್ರಸಿದ್ಧ. ಮಧ್ಯರಾತ್ರಿ ಕಳೆದ ಮೇಲೆ, ಹದಿನಾರನೇ ಇನಿಂಗ್ಸ್‌ನಲ್ಲಿ ಸ್ಪಾನ್ ಹಾಕಿದ ಸ್ಕ್ರೂಬಾಲ್ ಎಂಬ ತಿರುವಿನ ಎಸೆತ ತಿರುಗಲಿಲ್ಲ. ಜೈಂಟ್ಸ್‌ನ ವಿಲ್ಲಿ ಮೇಸ್ ಅದನ್ನು ಹೋಮ್‌ರನ್ ಮಾಡಿದರು. 1-0. ಮರಿಶಾಲ್ ಹಾಕಿದ್ದು 227 ಎಸೆತ, ಸ್ಪಾನ್ 201.

ಈಗ ಎಸೆತಗಳ ಲೆಕ್ಕ ನೂರರ ಆಸುಪಾಸಿಗೆ ಬಂದರೆ ಸಾಕು, ಮ್ಯಾನೇಜರ್ ಎದ್ದು ನಿಲ್ಲುತ್ತಾರೆ. ಇದನ್ನು ಹೇಡಿತನ ಎನ್ನಲಾಗದು. 1974ರಲ್ಲಿ ಪಿಚರ್ ಟಾಮಿ ಜಾನ್ ಅವರ ಎಡಮೊಣಕೈಯ ಅಸ್ಥಿರಜ್ಜು ಹರಿದಾಗ ಡಾ. ಫ್ರಾಂಕ್ ಜೋಬ್ ಬಲಗೈಯ ಸ್ನಾಯುರಜ್ಜು ತೆಗೆದು ಕಸಿ ಮಾಡಿದರು. ಜಾನ್ ಆಮೇಲೆ 164 ಪಂದ್ಯ ಗೆದ್ದರು. ಇಂದು ಆ ಶಸ್ತ್ರಚಿಕಿತ್ಸೆ ಅವರದೇ ಹೆಸರಿನಲ್ಲಿ ಸಾಲುಸಾಲು ಪಿಚರ್‌ಗಳಿಗೆ ನಡೆಯುತ್ತಿದೆ.

2018ರ ಮೇನಲ್ಲಿ ಟ್ಯಾಂಪಾ ಬೇ ರೇಸ್ ತಂಡ ಇನ್ನೂ ಮುಂದೆ ಹೋಯಿತು. ಪಂದ್ಯದ ಕೊನೆಯಲ್ಲಿ ಎಸೆಯಲು ಬರುತ್ತಿದ್ದ ಸೆರ್ಜಿಯೊ ರೋಮೊ ಅವರಿಗೆ ಮೊದಲ ಎಸೆತ ಕೊಟ್ಟು, ಒಂದೇ ಇನಿಂಗ್ಸ್ ಮುಗಿಯುತ್ತಲೇ ಹಿಂದೆ ಕರೆಯಿತು. ಈ ಪಾತ್ರಕ್ಕೆ 'ಓಪನರ್' ಎಂಬ ಹೆಸರಾಯಿತು. ಐದು ಇನಿಂಗ್ಸ್ ಮುಗಿಸದ ಸ್ಟಾರ್ಟರ್‌ಗೆ ಗೆಲುವಿನ ಲೆಕ್ಕವಿಲ್ಲ ಎಂಬ ನಿಯಮ ಮಾತ್ರ ಪುಸ್ತಕದಲ್ಲಿ ಹಾಗೇ ಇದೆ.

1963ರಲ್ಲಿ ಸ್ಪಾನ್ ಒಬ್ಬರೇ ಪೂರ್ತಿ ಎಸೆದ ಪಂದ್ಯಗಳು 22. 2024ರಲ್ಲಿ ಮೂವತ್ತು ತಂಡಗಳ ಪಿಚರ್‌ಗಳೆಲ್ಲ ಸೇರಿ, 28.