ಐಕ್ಯೂ ಅಂಕ: ಅದು ತೂಕ ಅಲ್ಲ, ಸಾಲಿನಲ್ಲಿ ಒಂದು ಜಾಗ

ಈ ವಾರದ ಮಾತುಕತೆಯ ಬರಹರೂಪ ಇದು. ವಿಡಿಯೋ ನೋಡೋಕೆ ಟೈಮ್ ಇಲ್ಲದವರು ಆಫೀಸ್ ಕ್ಯಾಬ್‌ನಲ್ಲೇ ಓದ್ಕೊಳ್ಳಿ.

ಹುಬ್ಬಳ್ಳಿಯಿಂದ ಬಂದು ಕೋಯಂಬೇಡಿನಲ್ಲಿ ಮನೆ ಮಾಡಿ ಆರು ತಿಂಗಳಾಗಿತ್ತು. ಏಳು ವರ್ಷದ ಮಗಳು ಕ್ಲಾಸಲ್ಲಿ ಮಾತಾಡ್ತಿಲ್ಲ, ಐಕ್ಯೂ ಟೆಸ್ಟ್ ಮಾಡಿಸಿ ಅಂದ್ರು ಶಾಲೆಯವರು. ಕ್ಲಿನಿಕ್‌ನಲ್ಲಿ ತಮಿಳು, ಇಂಗ್ಲಿಷ್ ಬೆರೆಸಿ ಪ್ರಶ್ನೆ ಕೇಳಿದರು. 'ಬಾಚಣಿಗೆ' ಗೊತ್ತಿದ್ದ ಮಗು 'ಸೀಪ್ಪು' ಅಂದಾಗ ಸುಮ್ಮನಾಯಿತು. ರಿಪೋರ್ಟ್‌ನಲ್ಲಿ ಬಂದದ್ದು 78. ಆ ರಾತ್ರಿ ನಾವಿಬ್ಬರೂ ನಿದ್ದೆ ಮಾಡಲಿಲ್ಲ.

ಏನು ಈ 78? ಇಲ್ಲಿನ ಮಾರ್ಕೆಟ್‌ನಲ್ಲಿ ಬದನೆಕಾಯಿ ತೂಗಿದ ಹಾಗೆ ಬುದ್ಧಿಯನ್ನು ತೂಗೋ ತಕ್ಕಡಿ ಇಲ್ಲ. ಐಕ್ಯೂ ನಮ್ಮ ಸಿಇಟಿ ರ್‍ಯಾಂಕ್ ಥರ. ಬೇರೆಯವರ ಜೊತೆ ಹೋಲಿಸಿದಾಗ ಸಿಗುವ ಜಾಗ ಅಷ್ಟೇ.

1905ರಲ್ಲಿ ಫ್ರಾನ್ಸಿನ ಬಿನೆ ಮತ್ತು ಸಿಮೋನ್, ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸೋಕೆ ಪರೀಕ್ಷೆ ಮಾಡಿದರು. ಆಮೇಲೆ ಬಂದ ಸೂತ್ರ ಸರಳ: ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸಿ. ಹತ್ತು ವರ್ಷದ ಮಗು ಎಂಟು ವರ್ಷದವರ ಮಟ್ಟದಲ್ಲಿ ಉತ್ತರಿಸಿದರೆ 80. ಆದರೆ ದೊಡ್ಡವರಿಗೆ ಈ ಲೆಕ್ಕ ಕೆಡುತ್ತೆ. ನಲವತ್ತರವನ ಬುದ್ಧಿ ಇಪ್ಪತ್ತರವನ ಎರಡರಷ್ಟು ಇರಲ್ಲವಲ್ಲ! ಹಾಗಾಗಿ ವೆಕ್ಸ್ಲರ್ 1939ರಲ್ಲಿ ದಾರಿ ಬದಲಿಸಿದರು. ಅವರ ಪದ್ಧತಿಯಲ್ಲಿ ಒಂದೇ ವಯಸ್ಸಿನವರ ಸರಾಸರಿ 100, ಸ್ಟ್ಯಾಂಡರ್ಡ್ ಡೀವಿಯೇಷನ್ 15. ಸುಮಾರು ಶೇ. 68 ಜನ 85ರಿಂದ 115ರೊಳಗೆ. 70ಕ್ಕಿಂತ ಕೆಳಗೆ ಶೇ. 2ರಷ್ಟು.

ಇನ್ನು ನಮ್ಮ ಕಥೆ. ಬಿನೆ ಪರೀಕ್ಷೆಯನ್ನು ವಿ. ವಿ. ಕಾಮತ್ 1930ರ ದಶಕದಲ್ಲಿ ಧಾರವಾಡ ಕಡೆಯ ಕನ್ನಡ, ಮರಾಠಿ ಮಕ್ಕಳಿಗಾಗಿ ಹೊಂದಿಸಿದರು; 1940ರಲ್ಲಿ ಪುಸ್ತಕ ಬಂತು. ಅದೇ ಬಿನೆ-ಕಾಮತ್ ಟೆಸ್ಟ್. ಇಂದಿಗೂ ದೇಶದ ಅನೇಕ ಕಡೆ ಬಳಸ್ತಾರೆ. ಪಕ್ಕದೂರಿನವನಾದ ನನಗೇ ಗೊತ್ತಿರಲಿಲ್ಲ!

ಸಮಸ್ಯೆ ಏನಂದ್ರೆ, ಅದರ ಹೋಲಿಕೆಯ ಸಾಲು ನಮ್ಮ ಅಜ್ಜ-ಅಜ್ಜಿಯರ ಕಾಲದ ಮಕ್ಕಳದ್ದು. ಹಲವು ದೇಶಗಳಲ್ಲಿ ಅಂಕಗಳು ದಶಕಕ್ಕೆ ಸುಮಾರು 3ರಂತೆ ಏರಿದ್ದನ್ನು ಜೇಮ್ಸ್ ಫ್ಲಿನ್ ತೋರಿಸಿದ್ದಾರೆ. ಹಾಗಾಗಿ ಹಳೇ ಸಾಲಿಗೆ ಹೋಲಿಸಿದರೆ ಅಂಕ ಉಬ್ಬುವ ಅಪಾಯ ಇದೆ. ನಿಜವಾಗಿ ನೆರವು ಬೇಕಾದ ಮಗು 70 ದಾಟಿ, ಅಂಗವೈಕಲ್ಯ ಪ್ರಮಾಣಪತ್ರವೇ ಕೈತಪ್ಪಬಹುದು. ಭಾಷೆ ತಪ್ಪಿದರೆ ಉಲ್ಟಾ, ಚುರುಕು ಮಗುವೂ ಕೆಳಗಿಳಿಯುತ್ತೆ. ತಪ್ಪು ಎರಡೂ ಕಡೆ ಆಗುತ್ತೆ.

ಹಾಗಂತ ಟೆಸ್ಟೇ ಬೇಡ ಅಂತಲ್ಲ. ರಿಪೋರ್ಟ್ ಕೈಗೆ ಬಂದಾಗ ಇಷ್ಟು ಕೇಳಿ: ಯಾವ ಟೆಸ್ಟ್? ಯಾವ ವರ್ಷದ ಮಕ್ಕಳ ಜೊತೆ ಹೋಲಿಕೆ? ಯಾವ ಭಾಷೆಯಲ್ಲಿ ಕೇಳಿದಿರಿ? ಅಂಕ ಎಷ್ಟು ಆಚೀಚೆ ಆಗಬಹುದು? ಊಟ, ಬಟ್ಟೆ, ಆಟ, ಜನರ ಜೊತೆ ಬೆರೆಯೋದು ಇವನ್ನೂ ನೋಡಿದಿರಾ?

ನಾವು ಆಮೇಲೆ ಕನ್ನಡ ಬಲ್ಲ ಮನಶ್ಶಾಸ್ತ್ರಜ್ಞರ ಹತ್ತಿರ ಹೋದೆವು. ಅವರು ಮಗಳ ಜೊತೆ ಮೊದಲು ಅರ್ಧ ಗಂಟೆ ಬರೀ ಹರಟಿದರು. ಎಷ್ಟು ಬಂತು ಅಂತ ಕೇಳ್ತೀರಾ? ಹೇಳಲ್ಲ. ಹೇಳಿದರೆ ನೀವೂ ಅವಳನ್ನ ಆ ಅಂಕದಿಂದಲೇ ನೆನಪಿಟ್ಕೋತೀರಿ.